ಸುಗ್ರೀವಾಜ್ಞೆ ಅಧಿಕಾರ ಇರಬೇಕೆ?

ಪರ

2020ರ ಮಾರ್ಚ್ 23ರಂದು ಸಂಸತ್ತು ಬಾಗಿಲು ಹಾಕಿತು. ಮತ್ತೆ ಸೇರಿದ್ದು ಸೆಪ್ಟೆಂಬರ್ 14ಕ್ಕೆ. ಅಷ್ಟರಲ್ಲಿ ಕೋವಿಡ್ ಕೆಲಸದಲ್ಲಿದ್ದ ವೈದ್ಯರು, ನರ್ಸ್‌ಗಳ ಮೇಲೆ ಹಲ್ಲೆ ಶುರುವಾಗಿತ್ತು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಲ್ಲಿ ಅವರ ರಕ್ಷಣೆಗೆಂದೇ ಒಂದು ಕಲಂ ಇರಲಿಲ್ಲ. ಏಪ್ರಿಲ್ 22ರ ಸುಗ್ರೀವಾಜ್ಞೆ (ಸದನ ಸೇರದಾಗ ಸರ್ಕಾರ ಹೊರಡಿಸುವ ತಾತ್ಕಾಲಿಕ ಕಾನೂನು) ಅದನ್ನು ಸೇರಿಸಿತು: ತೀವ್ರ ಗಾಯ ಮಾಡಿದವರಿಗೆ ಆರು ತಿಂಗಳಿಂದ ಏಳು ವರ್ಷದವರೆಗೆ ಸಜೆ. ಐದು ತಿಂಗಳು ಕಾಯಿರಿ ಎಂದು ಆಸ್ಪತ್ರೆಯವರಿಗೆ ಹೇಳಬೇಕಿತ್ತೆ?

ಸಂವಿಧಾನದ 123ನೇ ವಿಧಿ ಸರ್ಕಾರಕ್ಕೆ ಶಾಸನಾಧಿಕಾರವನ್ನು ಕೈಗಡವಾಗಿ ಮಾತ್ರ ಕೊಡುತ್ತದೆ. ಸುಗ್ರೀವಾಜ್ಞೆಯನ್ನು ಎರಡೂ ಸದನಗಳಲ್ಲಿ ಮಂಡಿಸಲೇಬೇಕು. ಸದನ ಸೇರಿ ಆರು ವಾರವಾದರೆ ತಾನಾಗಿ ಬಿದ್ದುಹೋಗುತ್ತದೆ. ಎರಡೂ ಸದನ ತಿರಸ್ಕರಿಸಿದರೆ ಇನ್ನೂ ಮೊದಲೇ. ಅಧಿವೇಶನಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಸಲ್ಲದ ಕಾರಣ ಒಟ್ಟು ಆಯುಸ್ಸು ಏಳೂವರೆ ತಿಂಗಳ ಆಸುಪಾಸು. ರಾಜ್ಯಗಳಲ್ಲಿ 213ನೇ ವಿಧಿಯಡಿ ರಾಜ್ಯಪಾಲರ ಸಹಿ ಬೇಕು. ಅದೂ ಬರೀ ಶಾಸ್ತ್ರಕ್ಕಲ್ಲ: 2025ರ ಫೆಬ್ರವರಿಯಲ್ಲಿ ಕರ್ನಾಟಕದ ಮೈಕ್ರೋಫೈನಾನ್ಸ್ ಸುಗ್ರೀವಾಜ್ಞೆ ರಾಜಭವನದಿಂದ ಒಮ್ಮೆ ವಾಪಸಾಗಿ, ಸರ್ಕಾರ ಸ್ಪಷ್ಟನೆ ಕೊಟ್ಟ ಮೇಲೆಯೇ ಜಾರಿಗೆ ಬಂತು.

ವಿರೋಧ

ಕೈಗಡವೇ ಆಗಿದ್ದರೆ ಬಿಹಾರ ಅದನ್ನು ತೀರಿಸಿದ ಪರಿ ನೋಡಿ. 1967ರಿಂದ 1981ರ ನಡುವೆ 256 ಸುಗ್ರೀವಾಜ್ಞೆ; ಕೆಲವು ಹದಿನಾಲ್ಕು ವರ್ಷದವರೆಗೂ ಬಾಳಿದವು. ಅಧಿವೇಶನ ಮುಗಿದೊಡನೆ ಸಂಸದೀಯ ವ್ಯವಹಾರಗಳ ಇಲಾಖೆಯಿಂದ ಉಳಿದ ಇಲಾಖೆಗಳಿಗೆ ಸುತ್ತೋಲೆ ಹೋಗುತ್ತಿತ್ತು: ನಿಮ್ಮ ಸುಗ್ರೀವಾಜ್ಞೆಗಳನ್ನು ಮತ್ತೆ ಹೊರಡಿಸಿಕೊಳ್ಳಿ ಎಂದು. ತುರ್ತಿಗೂ ಸುತ್ತೋಲೆ! 1986ರಲ್ಲಿ, ಪ್ರಾಧ್ಯಾಪಕ ಡಿ.ಸಿ. ವಾಧ್ವಾ ಇದರ ವಿರುದ್ಧ ಹೂಡಿದ್ದ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಇದನ್ನು ಸಂವಿಧಾನಕ್ಕೆ ಎಸಗಿದ ವಂಚನೆ ಎಂದಿತು. 2017ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಮತ್ತೆ ಅದನ್ನೇ ಹೇಳಬೇಕಾಯಿತು, ಅದೂ ಬಿಹಾರದ್ದೇ ಪ್ರಕರಣದಲ್ಲಿ: ಅಲ್ಲಿ ಸರ್ಕಾರ ಸಂಸ್ಕೃತ ಶಾಲೆಗಳನ್ನು ಸಾಲು ಸಾಲು ಸುಗ್ರೀವಾಜ್ಞೆಗಳಿಂದಲೇ ವಹಿಸಿಕೊಂಡಿತ್ತು. ಅಲ್ಲಿನ ಕೊನೆಯ ಸುಗ್ರೀವಾಜ್ಞೆ ಬಿದ್ದುಹೋದದ್ದು 1992ರಲ್ಲಿ.

ಸದನ ಕರೆಯುವುದು, ಮುಗಿಸುವುದು ಎರಡೂ ಸಂಪುಟದ ಸಲಹೆಯಂತೆಯೇ ನಡೆಯುತ್ತವೆ. ಬೀಗ ಹಾಕಿದವರೇ ಬಾಗಿಲು ಮುಚ್ಚಿದೆ ಎನ್ನುವುದು ಅದಕ್ಕೇ ಸುಲಭ. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆ ಬಂದದ್ದು ಜುಲೈ 19ರಂದು. ಸಂಸತ್ತು ಸೇರಲಿದ್ದದ್ದು 21ಕ್ಕೆ. ಇನ್ನೂ ನಾಜೂಕಿನ ದಾರಿ 2015ರಲ್ಲಿ ಕಂಡಿತು. ಎರಡೂ ಸದನ ಅಧಿವೇಶನದಲ್ಲಿದ್ದರೆ ಮಾತ್ರ ಸುಗ್ರೀವಾಜ್ಞೆಗೆ ತಡೆ. ಬಜೆಟ್ ಅಧಿವೇಶನದ ವಿರಾಮದಲ್ಲಿ ಮಾರ್ಚ್ 28ರಂದು ರಾಜ್ಯಸಭೆಯ ಅಧಿವೇಶನವನ್ನಷ್ಟೇ ಮುಗಿಸಿ, ಏಪ್ರಿಲ್ 3ಕ್ಕೆ ಭೂಸ್ವಾಧೀನ ಸುಗ್ರೀವಾಜ್ಞೆಯನ್ನು ಎರಡನೇ ಸಲ ಹೊರಡಿಸಲಾಯಿತು. ಮೇ 30ಕ್ಕೆ ಮೂರನೇ ಸಲ. ಆಗಸ್ಟ್ 31ಕ್ಕೆ ಅದು ಬಿದ್ದುಹೋಗುವಾಗ, ಮೊದಲ ಸಲ ಹೊರಡಿಸಿ ಎಂಟು ತಿಂಗಳು ಕಳೆದಿತ್ತು. ರಾಜ್ಯಸಭೆ ಒಮ್ಮೆಯೂ ಅದಕ್ಕೆ ಒಪ್ಪಿಗೆ ಕೊಟ್ಟಿರಲಿಲ್ಲ.