ಮೋಡದ ಮೇಲಿನ ಊರಿನ ಬಾವಿ

ಗಡಗಡ, ಗಡಗಡ, ಟಕ್. ಆ ‘ಟಕ್’ ಅಂದರೆ ಸೂಟ್‌ಕೇಸಿನ ಚಕ್ರ ಎರಡು ಕಲ್ಲುಗಳ ಸಂದಿಗೆ ಸಿಕ್ಕಿಬಿತ್ತು ಅಂತ ಅರ್ಥ. ಸಿಟ್ಟಿನಿಂದ ಇನ್ನೆರಡು ಸಲ ಜಗ್ಗಿದರೆ ಚಕ್ರ ಹಿಡಿದ ಪ್ಲಾಸ್ಟಿಕ್ ಕಾಲು ಲಟಕ್ಕನೆ ಮುರಿಯುತ್ತದೆ. ದಕ್ಷಿಣ ಫ್ರಾನ್ಸಿನ ಕೋರ್ದ್-ಸ್ಯುರ್-ಸಿಯೆಲ್ ಎಂಬ ಬೆಟ್ಟದೂರಿಗೆ ಬರುವವರಲ್ಲಿ ಯಾರಾದರೊಬ್ಬರು ಈ ಸಂಗೀತ ಹೊರಡಿಸುತ್ತಲೇ ಇರುತ್ತಾರೆ. ಎಂಟುನೂರು ವರ್ಷದ ಹಳೆಯ ಬೀದಿ. ಎರಡೂ ಕಡೆ ಕಲ್ಲಿನ ಗೋಡೆ. ಸದ್ದಿಗೆ ತಪ್ಪಿಸಿಕೊಂಡು ಹೋಗಲು ಜಾಗವಿಲ್ಲ.

ನಾಲ್ಕು ಪುಟ್ಟ ಚಕ್ರದ ಪೆಟ್ಟಿಗೆ ಹುಟ್ಟಿದ್ದು ವಿಮಾನ ನಿಲ್ದಾಣದ ನುಣ್ಣನೆಯ ನೆಲಕ್ಕೆ. ನಾಲ್ಕೈದು ಸೆಂಟಿಮೀಟರಿನ ಚಕ್ರಕ್ಕೆ ಮುಷ್ಟಿಗಾತ್ರದ ಕಲ್ಲೂ ಗುಡ್ಡವೇ. ಎರಡು ದೊಡ್ಡ ಚಕ್ರದ್ದಾದರೆ ಬೆನ್ನಹಿಂದೆ ವಾಲಿಸಿಕೊಂಡು ಹೇಗೋ ಎಳೆಯಬಹುದು. ಅದಕ್ಕಿಂತ ಒಂದು ರಾತ್ರಿಗೆ ಬೇಕಾದ ಬಟ್ಟೆಯನ್ನು ಹೆಗಲಚೀಲಕ್ಕೆ ತುರುಕಿ, ಪೆಟ್ಟಿಗೆಯನ್ನು ಇಪ್ಪತ್ತೈದು ಕಿಲೋಮೀಟರ್ ಆಚೆಯ ಆಲ್ಬಿಯಲ್ಲಿ ಬಿಟ್ಟು ಬರುವುದೇ ಲೇಸು. ಕಾರನ್ನು ಬುಡದಲ್ಲೇ ನಿಲ್ಲಿಸಿ. ರೈಲಿನಲ್ಲಿ ಬಂದರೆ ಕೋರ್ದ್-ವಿಂದ್ರಾಕ್ ನಿಲ್ದಾಣ ಊರಿಂದ ಕೆಲವು ಕಿಲೋಮೀಟರ್ ದೂರ. ಹೊರಗೆ ಆಟೋದವರು ಮುತ್ತಿಕೊಳ್ಳುತ್ತಾರೆ ಎಂದುಕೊಂಡು ಇಳಿದವರಿಗೆ ಅಲ್ಲಿ ನರಪಿಳ್ಳೆಯೂ ಸಿಗಲಿಕ್ಕಿಲ್ಲ. ಟ್ಯಾಕ್ಸಿಗೆ ಹಿಂದಿನ ದಿನವೇ ಹೇಳಿಟ್ಟಿರಬೇಕು.

ಹತ್ತುವ ದಾರಿಯಲ್ಲಿ ‘ಪಾತೆರ್ ನೋಸ್ತೆರ್’ ಮೆಟ್ಟಿಲುಗಳಿವೆ. ಆ ಹೆಸರಿನ ಲ್ಯಾಟಿನ್ ಕ್ರೈಸ್ತ ಪ್ರಾರ್ಥನೆಯಲ್ಲಿ ಎಷ್ಟು ಪದವೋ ಅಷ್ಟು ಮೆಟ್ಟಿಲು ಎಂದು ಊರವರ ಮಾತು. ಪ್ರಾರ್ಥನೆಯಲ್ಲಿರುವುದು 49 ಪದ. ಆಮೆನ್ ಸೇರಿಸಿದರೆ 50. ಎಣಿಸಲು ಹೊರಟವರು ಅರ್ಧಕ್ಕೇ ಏದುಸಿರು ಬಿಡುತ್ತ ಲೆಕ್ಕ ತಪ್ಪುತ್ತಾರೆ. ಮಳೆ ಬಿದ್ದ ದಿನ ಸವೆದ ಕಲ್ಲು ಎಣ್ಣೆ ಸವರಿದಂತಾಗುತ್ತದೆ. ಚರ್ಮದ ಅಟ್ಟೆಯ ಬೂಟು ಬೇಡ, ರಬ್ಬರಿನದು ಇರಲಿ. ಇಳಿಯುವಾಗ ನೆಟ್ಟಗೆ ಇಳಿಯದೆ ಪಾದವನ್ನು ಅಡ್ಡಡ್ಡ ಇಟ್ಟು ಇಳಿಯಿರಿ. ಮೊಣಕಾಲು ನೋಯುವುದು ಇಳಿಯುವಾಗಲೇ.

ಇಷ್ಟು ಪಾಡುಪಟ್ಟು ನೆತ್ತಿಯ ಮೇಲೇ ಊರು ಕಟ್ಟಿದ್ದೇಕೆ? 1222ರಲ್ಲಿ ತೂಲೂಸಿನ ಕೌಂಟ್ ಏಳನೆಯ ರೇಮೋನ್ ಈ ಊರಿಗೆ ಸನ್ನದು ಕೊಟ್ಟಾಗ ಸುತ್ತಲೂ ಚರ್ಚು ಸಾರಿದ ಧರ್ಮಯುದ್ಧ ನಡೆಯುತ್ತಿತ್ತು ಎಂಬುದು ಪುಸ್ತಕದ ಉತ್ತರ. ಅದಕ್ಕಿಂತ ಒಳಗಿನ ಉತ್ತರವೊಂದಿದೆ, ಹೇಳುತ್ತೇನೆ. ಮೊದಲು ಬಾವಿಯ ಮಾತು ಮುಗಿಯಲಿ.

ಊರಿನ ನಡುವೆ ಸಂತೆ ಚಾವಡಿಯಿದೆ. ಎಂಟು ಮುಖದ 24 ಕಲ್ಲುಕಂಬಗಳ ಮೇಲೆ ಮರದ ಸೂರು. ಅದರಡಿ ಒಂದು ಬಾವಿ. ಆಳ ಸುಮಾರು 114 ಮೀಟರ್. ಎರಡು ಗೋಳಗುಮ್ಮಟಗಳನ್ನು ಒಂದರ ಮೇಲೊಂದಿಟ್ಟು ಇಳಿಸಿದರೂ ಹತ್ತು ಮೀಟರಿನ ಮೇಲೆ ಜಾಗ ಉಳಿಯುತ್ತದೆ. ಕಲ್ಲು ಹಾಕಿ ನೋಡುವ ಚಪಲ ಬೇಡ, ಲೆಕ್ಕವೇ ಸಾಕು: ತಳ ಮುಟ್ಟಿ ಸದ್ದು ಮೇಲೆ ಬರಲು ಐದು ಸೆಕೆಂಡು. ಐದು ಸೆಕೆಂಡು ಕಡಿಮೆಯೆನ್ನುವವರು ಬಾವಿಕಟ್ಟೆಯ ಮುಂದೆ ಬಾಯಿ ಮುಚ್ಚಿಕೊಂಡು ಎಣಿಸಿ ನೋಡಬೇಕು.

ಈಗ ನೀರು ಸೇದಿ ನೋಡೋಣ. ಹೆಬ್ಬೆರಳು ದಪ್ಪದ ನಾರಿನ ಹಗ್ಗ ಮೀಟರಿಗೆ ಕಾಲು ಕೆಜಿಗಿಂತ ತುಸು ಹೆಚ್ಚೇ ತೂಗುತ್ತದೆ. 114 ಮೀಟರಿಗೆ ಮೂವತ್ತು ಕೆಜಿ, ಅದೂ ಒಣಗಿದ್ದಾಗ. ಕೊಡದಲ್ಲಿ ಬರುವುದು ಹದಿನೈದು ಲೀಟರ್. ಅಂದರೆ ನೀರಿಗಿಂತ ಎರಡು ಪಟ್ಟು ಹಗ್ಗವನ್ನೇ ಸೇದಿದ ಹಾಗಾಯಿತು. ಸೆಕೆಂಡಿಗೆ ಒಂದು ಗೇಣಿನಂತೆ ಎಳೆದರೆ ಒಂದು ಕೊಡ ಮೇಲೆ ಬರಲು ಎಂಟು ನಿಮಿಷ ದಾಟುತ್ತದೆ. ಒಂದಡಿ ಅಗಲದ ಉರುಳೆಗೆ ಸುತ್ತುತ್ತ ಬಂದರೆ ನೂರಿಪ್ಪತ್ತು ಸುತ್ತು. ರಾಟೆಯ ಎರಡೂ ಕಡೆ ಕೊಡ ಕಟ್ಟಿದರೆ ಸುಲಭವಲ್ಲವೇ ಎಂದು ಜಾಣರು ಕೇಳಬಹುದು. ಖಾಲಿ ಕೊಡ ತುಂಬಿದ ಕೊಡದ ತೂಕವನ್ನೇನೋ ಒಂದಿಷ್ಟು ಸರಿದೂಗಿಸುತ್ತದೆ. ಹಗ್ಗವೆಲ್ಲ ತುಂಬಿದ ಕೊಡದ ಕಡೆಯೇ ಇಳಿಬಿದ್ದಿರುವುದರಿಂದ ಮೊದಲರ್ಧದ ಜಗ್ಗಾಟ ಮಾತ್ರ ತಪ್ಪದು. ಅರ್ಧ ದಾಟಿದ ಮೇಲೆ ಹಗ್ಗದ ಭಾರ ಖಾಲಿ ಕೊಡದ ಕಡೆಗೆ ತಿರುಗುತ್ತದೆ. ಮುಕ್ಕಾಲು ದಾಟಿದ ಮೇಲೆ ಹಿಡಿತ ಬಿಟ್ಟರೆ ತುಂಬಿದ ಕೊಡ ರೊಯ್ಯನೆ ಮೇಲೆ ಬಂದು ರಾಟೆಗೆ ಬಡಿಯುತ್ತದೆ. ಇನ್ನು ಹಗ್ಗ ಹರಿದು ಕೊಡ ಕೆಳಗೆ ಬಿತ್ತೆನ್ನಿ. ಪಾತಾಳಗರಡಿ ಇಳಿಸಿ ತಡಕಾಡಬೇಕು. ಆ ಹೆಸರಿಟ್ಟ ನಮ್ಮ ಹಿರಿಯರಿಗೆ ಈ ಬಾವಿ ತೋರಿಸಬೇಕಿತ್ತು. ನಿಜವಾದ ಪಾತಾಳ ಇಲ್ಲಿದೆ.

ಈ ಬಾವಿಗೊಂದು ಕಥೆಯೂ ಅಂಟಿಕೊಂಡಿದೆ. ಚರ್ಚಿನ ಮಾತು ಮೀರಿದವರ ಧರ್ಮವಿಚಾರಣೆಗೆಂದು ಬಂದ ಮೂವರು ಪಾದ್ರಿಗಳನ್ನು ಊರಿನವರು ಇದರೊಳಗೆ ತಳ್ಳಿದರಂತೆ. ಹೇಳುವವರು ದನಿ ತಗ್ಗಿಸಿ ಹೇಳುತ್ತಾರೆ, ಕೇಳುವವರು ಹಾ ಎಂದು ಬಾಯಿ ತೆರೆಯುತ್ತಾರೆ. ಸ್ವಾಮಿ, ಸ್ವಲ್ಪ ಯೋಚಿಸಿ. ಸುಣ್ಣಕಲ್ಲಿನ ಬೆಟ್ಟವನ್ನು ಅಷ್ಟು ಆಳಕ್ಕೆ ಕೊರೆದು ನೀರು ಕಂಡ ಜನ, ಕೊಡಕ್ಕೆ ಎಂಟು ನಿಮಿಷ ಬೆವರು ಸುರಿಸುವ ಜನ, ಅದೇ ಕುಡಿಯುವ ನೀರಿಗೆ ಹೆಣ ಹಾಕುತ್ತಾರೆಯೇ? ಸುತ್ತ ನಾಲ್ಕೂ ಕಡೆ ಕಡಿದಾದ ಇಳಿಜಾರಿರುವ ಊರಿನಲ್ಲಿ ಯಾರನ್ನಾದರೂ ತಳ್ಳಲು ಬಾವಿಯೇ ಆಗಬೇಕೆ? ಬಾವಿಯಿಂದ ನೀರು ಸೇದಿದವರು ಯಾರೂ ಕಟ್ಟುವ ಕಥೆಯಲ್ಲ ಇದು.

ಇನ್ನೊಂದು ತಮಾಷೆ: ಸಂತೆ ಚಾವಡಿ ಇಲ್ಲಿ ಮೇಲಿದೆ, ಶನಿವಾರದ ಸಂತೆ ಬೆಟ್ಟದ ಬುಡದಲ್ಲಿ ನಡೆಯುತ್ತದೆ. ಆಲೂಗಡ್ಡೆ ಹೊತ್ತು ಮೇಲೆ ಹತ್ತುವ ಹುಚ್ಚು ಯಾರಿಗಿದೆ?

ಹೆಸರಿಗೆ ‘ಸ್ಯುರ್-ಸಿಯೆಲ್’, ಅಂದರೆ ‘ಆಕಾಶದ ಮೇಲೆ’ ಎಂಬ ಬಾಲ ಸೇರಿದ್ದು ಈಚೆಗೆ, 1993ರಲ್ಲಿ. ಶರತ್ಕಾಲದ ಬೆಳಗಿನಲ್ಲಿ ಸೆರೂ ಹೊಳೆಯ ಕಣಿವೆ ಮಂಜಿನಿಂದ ತುಂಬಿ, ಊರೊಂದೇ ಬಿಳಿ ಹಾಲಿನ ಮೇಲೆ ತೇಲುತ್ತದೆ. ಚಿತ್ರಗಳಲ್ಲಿ ಕಂಡು ಮರುಳಾದವರು ಊರೊಳಗೇ ಕೋಣೆ ಹಿಡಿದು, ಆರು ಗಂಟೆಗೆ ಅಲಾರಾಂ ಇಟ್ಟು ಎದ್ದು ನೋಡಿದರೆ ಕಾಣುವುದು ಬರೀ ಬಿಳುಪು. ತೇಲುವ ಊರು ಕಾಣಬೇಕಾದರೆ ಎದುರಿನ ಗುಡ್ಡದ ಮೇಲೆ ನಿಂತಿರಬೇಕು, ಬಿಸಿಲೇರಿ ಮಂಜು ಕರಗುವ ಮೊದಲು. ಮೇಲೆ ಮಲಗಿದವರಿಗೆ ಆ ಭಾಗ್ಯವಿಲ್ಲ.

ಸರಿ, ಆಗ ಬಾಕಿಯಿಟ್ಟ ಒಳಗಿನ ಉತ್ತರ. ಬೆಟ್ಟದ ಮೇಲೆ ಊರು ಕಟ್ಟುವವರ ಮನಸ್ಸಿನಲ್ಲಿ... ಅಯ್ಯೋ, ಗಂಟೆ ಒಂದೂಮುಕ್ಕಾಲಾಯಿತು. ಇಲ್ಲಿ ಅಡುಗೆಮನೆ ಹನ್ನೆರಡಕ್ಕೆ ತೆರೆದು ಎರಡಕ್ಕೆ ಮುಚ್ಚುವುದು ವಾಡಿಕೆ. ಎರಡೂ ಐದಕ್ಕೆ ಹೋಗಿ ಹಲ್ಲು ಗಿಂಜಿದರೆ ಕಾಫಿ ಸಿಗುತ್ತದೆ, ಊಟ ಸಿಗುವುದಿಲ್ಲ. ಸಸ್ಯಾಹಾರಿಗಳು ‘ಸಲಾಡ್’ ಎಂಬ ಹೆಸರು ನಂಬಿ ಕೂರಬೇಡಿ, ಎಲೆಗಳ ನಡುವೆ ಬಾತುಕೋಳಿಯ ಜಠರದ ಚೂರುಗಳು ಅಡಗಿರಬಹುದು. ಆಡಿನ ಹಾಲಿನ ಚೀಸಿನ ಸಲಾಡ್ ಎಂದು ಬಿಡಿಸಿ ಹೇಳಿ. ಅದೂ ತಪ್ಪಿಹೋದರೆ ‘ಕ್ರೊಕಾಂ’ ಒಂದು ಪೊಟ್ಟಣ ಕೊಳ್ಳಿ. ಬಾದಾಮಿ, ಸಕ್ಕರೆ, ಮೊಟ್ಟೆಯ ಬಿಳಿಭಾಗ ಸೇರಿಸಿ ಸುಟ್ಟ ಈ ಊರಿನ ಬಿಸ್ಕತ್ತು. ಹಲ್ಲಿಗೆ ಗ್ಯಾರಂಟಿ ಇಲ್ಲ. ಕಾಫಿಯಲ್ಲಿ ಅದ್ದಿಕೊಂಡು ತಿನ್ನಿ.