ಸ್ಕ್ಯಾನ್ ‘ಇಲ್ಲ’ ಅಂದಿತು, ಗಡ್ಡೆ ಅಲ್ಲೇ ಇತ್ತು

ಹೆರಿಗೆಯಾಗಿ ತಿಂಗಳುಗಳಾದರೂ ನಮ್ಮ ಅತ್ತಿಗೆಗೆ ಬಿಪಿ ಇಳಿಯಲಿಲ್ಲ. ಕೂತಲ್ಲೇ ಎದೆ ಢವಢವ, ತಲೆಸಿಡಿತ, ರವಿಕೆ ಒದ್ದೆಯಾಗುವಷ್ಟು ಬೆವರು. ಹತ್ತು ನಿಮಿಷ ಕಳೆದರೆ ಏನೂ ಆಗದವರ ಹಾಗೆ ಎದ್ದು ಅಡುಗೆಮನೆಗೆ ಹೋಗೋರು. ಸಿಟಿ ಸ್ಕ್ಯಾನ್‌ನಲ್ಲಿ ಬಲ ಮೂತ್ರಪಿಂಡದ ನೆತ್ತಿ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ 4 ಸೆಂಟಿಮೀಟರ್ ಗಡ್ಡೆ ಕಂಡಿತು. ಫಿಯೋಕ್ರೋಮೋಸೈಟೋಮಾ, ಅಂದರೆ ಅಡ್ರಿನಲಿನ್‌ನಂಥ ಹಾರ್ಮೋನುಗಳನ್ನು ಅತಿಯಾಗಿ ಸುರಿಸಿ ಬಿಪಿ ಏರಿಸುವ ಗಡ್ಡೆ, ಇರಬಹುದು ಅಂತ ನೇರವಾಗಿ ಅದನ್ನು ಹುಡುಕುವ ಎಂಐಬಿಜಿ ಸ್ಕ್ಯಾನ್‌ಗೆ ಬರೆದರು. ರಿಪೋರ್ಟ್ ನೆಗೆಟಿವ್. ‘ಹಾಗಾದ್ರೆ ಅದಲ್ಲ ಬಿಡಿ, ಟೆನ್ಷನ್ ಮಾಡ್ಕೋಬೇಡಿ’ ಅಂತ ಕಳಿಸಿಬಿಟ್ಟರು.

ಐದು ತಿಂಗಳು ಹಾಗೇ ನರಳಿದರು. ಆಮೇಲೆ ಸಿಕ್ಕ ಡಾಕ್ಟರು ರಿಪೋರ್ಟ್ ಪಕ್ಕಕ್ಕಿಟ್ಟು ಮೊದಲು ಕೇಳಿದ್ದು, ‘ಮಾತ್ರೆಗಳನ್ನ ತಂದಿದ್ದೀರೇನಮ್ಮ?’ ಅತ್ತಿಗೆ ಬ್ಯಾಗಿನಿಂದ ಎಲ್ಲವನ್ನೂ ಮೇಜಿನ ಮೇಲೆ ಸುರಿದರು. ಡಾಕ್ಟರ ಬೆರಳು ಲ್ಯಾಬೆಟಲಾಲ್ ಸ್ಟ್ರಿಪ್ ಮೇಲೆ ನಿಂತಿತು. ಗರ್ಭಿಣಿಯಾಗಿದ್ದಾಗ ಬಿಪಿಗೆ ಕೊಟ್ಟಿದ್ದು, ಸ್ಕ್ಯಾನ್ ದಿನ ಬೆಳಿಗ್ಗೆಯೂ ನುಂಗಿದ್ದರು.

1980ರ ಸುಮಾರಿಗೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಎಂಐಬಿಜಿ, ಅಂಥದೇ ಒಂದು ಹಾರ್ಮೋನಾದ ನಾರ್‌ಅಡ್ರಿನಲಿನ್ ಅನ್ನು ಹೋಲುವ ವಸ್ತು. ಅದಕ್ಕೆ ವಿಕಿರಣ ಸೂಸುವ ಅಯೋಡಿನ್ ಜೋಡಿಸಿ ರಕ್ತನಾಳಕ್ಕೆ ಚುಚ್ಚುತ್ತಾರೆ. ನಾರ್‌ಅಡ್ರಿನಲಿನ್ ಒಳಹೋಗುವ ಬಾಗಿಲಲ್ಲೇ ಇದೂ ಗಡ್ಡೆಯ ಜೀವಕೋಶ ಹೊಕ್ಕು ಕೂರಬೇಕು, ಆಗಲೇ ಚಿತ್ರದಲ್ಲಿ ಚುಕ್ಕೆ. ಲ್ಯಾಬೆಟಲಾಲ್ ಇದಕ್ಕೇ ಅಡ್ಡ ಬರುತ್ತದೆ. ಅಮಿಟ್ರಿಪ್ಟಿಲಿನ್‌ನಂಥ ಖಿನ್ನತೆಯ ಮಾತ್ರೆ, ಕೆಲವು ನೆಗಡಿ ಮಾತ್ರೆಯಲ್ಲಿರುವ ಸ್ಯೂಡೋಎಫೆಡ್ರಿನ್ ಕೂಡ ಅಡ್ಡ ಬರಬಲ್ಲವು. ಯಾವ ಮಾತ್ರೆಯೂ ಇಲ್ಲದೆ ಎಂಐಬಿಜಿಯನ್ನು ಹೀರದ ಗಡ್ಡೆಗಳೂ ಉಂಟು, ಎಸ್‌ಡಿಎಚ್‌ಬಿ ಜೀನ್ ದೋಷವಿರುವವರಲ್ಲಿ ಮುಖ್ಯವಾಗಿ.

ನನಗೆ ಸಿಟ್ಟು ಬರುವುದು ಇಲ್ಲಿ. ಈ ಹಾರ್ಮೋನುಗಳು ಒಡೆದು ಆಗುವ ಮೆಟಾನೆಫ್ರಿನ್ ರಕ್ತದಲ್ಲೋ ಮೂತ್ರದಲ್ಲೋ ಎಷ್ಟಿದೆ ಅಂತ ಮೊದಲು ನೋಡಿ, ಚಿತ್ರ ಆಮೇಲೆ ತೆಗೆಯಿರಿ ಅಂತ ಹಾರ್ಮೋನ್ ತಜ್ಞರ ಸಂಸ್ಥೆ ಎಂಡೋಕ್ರೈನ್ ಸೊಸೈಟಿ 2014ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಅತ್ತಿಗೆಗೆ ಆ ರಕ್ತಪರೀಕ್ಷೆ ಮಾಡಿಸಿಯೇ ಇರಲಿಲ್ಲ! ಹೊಸ ಡಾಕ್ಟರು ಮಾತ್ರೆ ಬದಲಿಸಿ, ಕೆಲವು ದಿನ ಬಿಟ್ಟು, ಮಲಗಿಸಿ ರಕ್ತ ತೆಗೆಸಿದರು. ಮೆಟಾನೆಫ್ರಿನ್ ಮಿತಿಗಿಂತ ಹಲವು ಪಟ್ಟು ಹೆಚ್ಚಿತ್ತು. ಮತ್ತೆ ಸ್ಕ್ಯಾನ್ ಮಾಡಿದಾಗ ಅದೇ ಗಡ್ಡೆ ಎದ್ದು ಕಂಡಿತು. ಎರಡು ವಾರ ರಕ್ತನಾಳ ಸಡಿಲಿಸುವ ಆಲ್ಫಾ ಬ್ಲಾಕರ್ ಮಾತ್ರೆ ಕೊಟ್ಟು ಬಿಪಿ ಹದಕ್ಕೆ ತಂದು ಆಪರೇಷನ್ ಮಾಡಿದರು. ಆ ತಯಾರಿಯಿಲ್ಲದೆ ಬೇರೇನಕ್ಕಾದರೂ ಆಪರೇಷನ್ ಟೇಬಲ್ ಹತ್ತಿದ್ದರೆ ಪ್ರಾಣಕ್ಕೇ ಬರುತ್ತಿತ್ತು.

ವರ್ಷದ ಮೇಲೆ ಇನ್ನೊಂದು ಸ್ಕ್ಯಾನ್. ಈ ಸಲ ಎಡಗಡೆ ಹೊಳೆಯಿತು. ಅಣ್ಣ ಕುಸಿದು ಕೂತ. ರಕ್ತಪರೀಕ್ಷೆ ಪೂರ್ತಿ ನಾರ್ಮಲ್. ಒಂದು ಗ್ರಂಥಿ ತೆಗೆದ ಮೇಲೆ ಉಳಿದ ಆರೋಗ್ಯವಂತ ಗ್ರಂಥಿ ಹೀಗೆ ಹೆಚ್ಚು ಹೀರುವುದುಂಟಂತೆ.

ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಬಿಪಿ ಏರಿದರೆ ಅಪಾಯ. ಆದರೆ ನೀವು ನುಂಗುವ ಎಲ್ಲದರ ಪಟ್ಟಿಯನ್ನು, ನೆಗಡಿ ಮಾತ್ರೆಯನ್ನೂ ಬಿಡದೆ, ಸ್ಕ್ಯಾನ್‌ಗೆ ಮೊದಲೇ ಡಾಕ್ಟರಿಗೆ ಕೊಡಿ. ಅವರೂ ಕೇಳಲಿ, ಕನ್ನಡದಲ್ಲೇ ಬರೆದು ಕೊಡಲಿ. ಮೊದಲ ಸ್ಕ್ಯಾನ್‌ಗೆ ನಮಗೆ ಕೊಟ್ಟಿದ್ದ ಚೀಟಿ ಇನ್ನೂ ನನ್ನ ಹತ್ತಿರ ಇದೆ. ಅದರಲ್ಲಿರುವುದು ತಾರೀಖು, ಸಮಯ, ಕಟ್ಟಬೇಕಾದ ದುಡ್ಡು, ಅಷ್ಟೇ.