ಅನ್ನದ ಪಿಚರ್, ಉಪ್ಪಿನಕಾಯಿ ಪಿಚರ್

ನಿಜವಾದ ಆಟಗಾರರನ್ನು ಆರಿಸಿ ಕಾಗದದ ಮೇಲೆ ತಂಡ ಕಟ್ಟಿ, ಅವರ ನಿಜವಾದ ಅಂಕಿಅಂಶಗಳಿಂದಲೇ ಪೈಪೋಟಿ ನಡೆಸುವ ಫ್ಯಾಂಟಸಿ ಬೇಸ್‌ಬಾಲ್ ಈಗಿನ ರೂಪ ಪಡೆದದ್ದೇ ಊಟದ ಮೇಜಿನ ಸುತ್ತ. 1980ರಲ್ಲಿ ಡೇನಿಯಲ್ ಓಕ್ರೆಂಟ್ ಮತ್ತು ಗೆಳೆಯರು ಸೇರುತ್ತಿದ್ದ ನ್ಯೂಯಾರ್ಕಿನ ಹೋಟೆಲಿನ ಹೆಸರೇ ಅಂಟಿಕೊಂಡು ‘ರೋಟಿಸರಿ’ ಲೀಗ್ ಆಯಿತು. ಹಾಗಾಗಿ ಚೆಂಡೆಸೆಯುವ ಪಿಚರ್‌ಗಳ ಲೆಕ್ಕವನ್ನೂ ಎಲೆಯ ಮುಂದೆ ಕೂತೇ ಹಾಕುವುದು ಒಳ್ಳೆಯದು.

ಪಂದ್ಯ ಶುರುಮಾಡುವ ಸ್ಟಾರ್ಟರ್ ಅಂದರೆ ಅನ್ನ. ಐದಾರು ದಿನಕ್ಕೊಮ್ಮೆ ಬಂದು, ತೊಂಬತ್ತೋ ನೂರೋ ಚೆಂಡೆಸೆದು, ಐದಾರು ಇನಿಂಗ್ಸ್ ಹೊಟ್ಟೆ ತುಂಬಿಸಿ ಹೋಗುತ್ತಾನೆ. ಗೆಲುವೂ ಸ್ಟ್ರೈಕ್‌ಔಟೂ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ಹೆಚ್ಚಾಗಿ ಅವನ ಹಗೇವಿನಿಂದಲೇ ಬರಬೇಕು. ಕ್ಲೋಸರ್ ಉಪ್ಪಿನಕಾಯಿ. ಕೊನೆಯ, ಅಂದರೆ ಒಂಬತ್ತನೇ ಇನಿಂಗ್ಸ್‌ನಲ್ಲಿ ಬಂದು, ಮೂರು ರನ್ ಅಥವಾ ಅದಕ್ಕಿಂತ ಕಡಿಮೆ ಮುನ್ನಡೆ ಕಾಪಾಡಿದರೆ ಒಂದು ಸೇವ್. ವರ್ಷಕ್ಕೆಲ್ಲ ಸೇರಿ ಸುಮಾರು 65 ಇನಿಂಗ್ಸ್ ಅಷ್ಟೇ. ಆದರೂ ಪಿಚಿಂಗ್‌ಗೆ ಅಂಕ ಕೊಡುವ ಐದು ಕಾಲಂಗಳಲ್ಲಿ (ಗೆಲುವು, ಸೇವ್, ಸ್ಟ್ರೈಕ್‌ಔಟ್, ಒಂಬತ್ತು ಇನಿಂಗ್ಸ್‌ಗೆ ಸರಾಸರಿ ಎಷ್ಟು ರನ್ ಕೊಟ್ಟ ಎನ್ನುವ ಇಆರ್‌ಎ, ಇನಿಂಗ್ಸ್‌ಗೆ ಎಷ್ಟು ಹಿಟ್ ಮತ್ತು ವಾಕ್ ಕೊಟ್ಟ ಎನ್ನುವ ವಿಪ್) ಸೇವ್‌ನ ಕಾಲಂ ಪೂರ್ತಿ ಅವನದ್ದೇ. ಅನ್ಯಾಯವೆನ್ನಿಸಿದರೂ ಆಟದ ನಿಯಮ ಹಾಗಿದೆ.

ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್ ದಿನ ಈ ಅನ್ಯಾಯ ಯಾರಿಗೂ ನೆನಪಿರುವುದಿಲ್ಲ. ಸ್ಟಾರ್ಟರ್‌ಗಳನ್ನೇ ಬಾಚಿಕೊಂಡು ಬರುತ್ತಾರೆ. ತಂಡಕ್ಕೆ ವರ್ಷಕ್ಕೆ 1400 ಇನಿಂಗ್ಸ್ ಮಿತಿಯಿರುವ ಲೀಗಿನಲ್ಲಿ ಹತ್ತು ಸ್ಟಾರ್ಟರ್‌ಗಳು ತಲಾ 160 ಇನಿಂಗ್ಸ್ ಎಸೆದರೆ 1600. ಸೀಸನ್ ಮುಗಿಯುವ ಮೊದಲೇ, ಸೆಪ್ಟೆಂಬರ್ ಶುರುವಿನಲ್ಲೇ ಅಂಗಡಿ ಬಂದ್! ಅದರ ಬದಲು ಏಳು ಸ್ಟಾರ್ಟರ್ (1120), ನಾಲ್ಕು ಕ್ಲೋಸರ್ (260) ಇಟ್ಟುಕೊಂಡರೆ ಒಟ್ಟು 1380; ಗಾಯ, ಬದಲಿ ಎಲ್ಲ ಕಳೆದು ಕೂಡಿ ಹೆಚ್ಚುಕಡಿಮೆ ಮಿತಿಗೇ ಬಂದು ನಿಲ್ಲುತ್ತದೆ.

ಸ್ಟಾರ್ಟರ್ ಹೋದ ಮೇಲೆ ಎಸೆಯಲು ಬರುವವರೆಲ್ಲ ರಿಲೀವರ್‌ಗಳು, ಕ್ಲೋಸರ್ ಕೂಡ ಅವರಲ್ಲೊಬ್ಬ. ಒಳ್ಳೆಯ ರಿಲೀವರ್ ಸೇವ್ ಜೊತೆಗೆ ಇನ್ನೊಂದು ಉಪಕಾರವನ್ನೂ ಸದ್ದಿಲ್ಲದೆ ಮಾಡುತ್ತಾನೆ. ತಂಡ 1000 ಇನಿಂಗ್ಸ್‌ಗೆ 4.00 ಇಆರ್‌ಎ ಇಟ್ಟುಕೊಂಡಿದೆ ಎನ್ನಿ. 2.00 ಇಆರ್‌ಎಯ ಒಬ್ಬನೇ ರಿಲೀವರ್ 70 ಇನಿಂಗ್ಸ್ ಸೇರಿಸಿದರೆ ಅದು 3.87ಕ್ಕೆ ಇಳಿಯುತ್ತದೆ. ಒತ್ತೊತ್ತಾಗಿ ನಿಂತ ಲೀಗಿನಲ್ಲಿ ಇಷ್ಟಕ್ಕೇ ಒಂದೆರಡು ಅಂಕ ಕೈ ಬದಲಾಗುತ್ತದೆ.

ಹಾಗಂತ ಉಪ್ಪಿನಕಾಯಿಯಲ್ಲೇ ಊಟ ಮುಗಿಸಲಾಗದು. ಕ್ಲೋಸರ್ ಕೆಲಸದಷ್ಟು ಅಭದ್ರ ನೌಕರಿ ಬೇಸ್‌ಬಾಲಿನಲ್ಲಿ ಇನ್ನೊಂದಿಲ್ಲ. ಒಂದೇ ವಾರದಲ್ಲಿ ಮೂರು ಸಲ ಮುನ್ನಡೆ ಕೈಬಿಟ್ಟನೋ, ಮ್ಯಾನೇಜರ್ ಎಂಟನೇ ಇನಿಂಗ್ಸ್‌ನವನಿಗೆ ಒಂಬತ್ತಕ್ಕೆ ಬಡ್ತಿ ಕೊಡುತ್ತಾನೆ. ಆ ಕೆಲಸವನ್ನು ಇಬ್ಬರು ಮೂವರಿಗೆ ಸರದಿಯ ಮೇಲೆ ಕೊಡುವ ತಂಡಗಳ ಸಹವಾಸವಂತೂ ಇನ್ನೂ ಕಷ್ಟ. ದುಬಾರಿ ಕ್ಲೋಸರ್ ಒಬ್ಬ, ನಡುಬೆಲೆಯವನೊಬ್ಬ ಸಾಕು. ಉಳಿದ ಜಾಗಕ್ಕೆ ಎಂಟನೇ ಇನಿಂಗ್ಸ್‌ನವರ ಮೇಲೆ ಕಣ್ಣಿಡುವುದೇ ಅಗ್ಗದ ದಾರಿ. ಸೋಲುವ ತಂಡದ ಕ್ಲೋಸರ್‌ನನ್ನು ಮೂಸಿಯೂ ನೋಡದವರಿದ್ದಾರೆ. ಆದರೆ ಅಂಥ ತಂಡ ಗೆದ್ದರೂ ಹೆಚ್ಚಾಗಿ ಕೂದಲೆಳೆಯಲ್ಲೇ ಗೆಲ್ಲುವುದು, ಸೇವ್‌ಗೆ ಬೇಕಾದ್ದೂ ಅದೇ. ಸ್ಟಾರ್ಟರ್ ಆಗಿದ್ದೂ ರಿಲೀವರ್ ಜಾಗದಲ್ಲಿ ಕೂರುವ ಅರ್ಹತೆ ಇರುವವನು ಸಿಕ್ಕರೆ, ವಾರಕ್ಕೊಬ್ಬ ಎದುರಾಳಿಯ ಜೊತೆ ಪೈಪೋಟಿ ನಡೆಯುವ ಲೀಗಿನಲ್ಲಿ ಬಿಡಲೇಬೇಡಿ.

ವಾರದ ಲೀಗಿನ ನಿಜವಾದ ಪರೀಕ್ಷೆ ಭಾನುವಾರ. ನಿಮ್ಮದು 40 ಇನಿಂಗ್ಸ್, 3.60 ಇಆರ್‌ಎ, ಎದುರಾಳಿ 3.90ರಲ್ಲಿ. ನಿಮ್ಮ ಬಳಿ ಒಬ್ಬ ಸಾಧಾರಣ ಸ್ಟಾರ್ಟರ್ ಉಳಿದಿದ್ದಾನೆ, ಅದೂ ಡೆನ್ವರಿನ ಕೂರ್ಸ್ ಫೀಲ್ಡ್‌ನಲ್ಲಿ. ಅಲ್ಲಿನ ತೆಳುಗಾಳಿಗೆ ಚೆಂಡು ಎಲ್ಲಿಗೆ ಬೇಕಾದರೂ ಹಾರುತ್ತದೆ. ಮೂರು ಇನಿಂಗ್ಸ್‌ನಲ್ಲಿ ಏಳು ರನ್ ಕೊಟ್ಟನೆಂದರೆ ನಿಮ್ಮ ಇಆರ್‌ಎ 4.81. ಗೆಲುವು, ಸ್ಟ್ರೈಕ್‌ಔಟ್ ಎರಡರಲ್ಲೂ ಮುಂದಿದ್ದು, ಲೀಗ್ ಕೇಳುವ ಕನಿಷ್ಠ ಇನಿಂಗ್ಸ್ ಮುಗಿದಿದ್ದರೆ ಅವನನ್ನು ಬೆಂಚಿನಲ್ಲೇ ಕೂರಿಸಿ, ಕ್ಲೋಸರ್‌ಗಳನ್ನಷ್ಟೇ ಆಡಿಸಿ. ಅವನು ಅಂದೇ ಒಂದೂ ರನ್ ಕೊಡದೆ ಆರು ಇನಿಂಗ್ಸ್ ಎಸೆದರೆ, ಸೋಮವಾರ ಬೆಳಿಗ್ಗೆ ಅಂಕಪಟ್ಟಿ ನೋಡುವಾಗ ಆ ಸಾಲನ್ನು ಬೆರಳಿಟ್ಟು ಮುಚ್ಚಿಕೊಳ್ಳಿ.